ಗವಂತಿ ಹೊಲಿಗೆ ಹಿಡಿದು ಅಮೆರಿಕದ ಸಮ್ಮರ್ ಕ್ಯಾಂಪಿಗೆ: ನನ್ನ ಅನುಭವ

‘ಆ ಹುಡುಗರು ಸೂಜಿ ಹಿಡೀತಾವೇನು? ಸುಮ್ನ ರೊಕ್ಕ ಹಾಳು’ ಅಂತ ಧಾರವಾಡದಲ್ಲಿ ಕಸೂತಿ ಬಲ್ಲವರೇ ಹೇಳಿದ್ದರು. ಅಮೆರಿಕದ ಕ್ಯಾಂಪಿನ ಮಕ್ಕಳಿಗೆ ಗವಂತಿ, ಅಂದರೆ ಎರಡೂ ಕಡೆ ಒಂದೇ ಥರ ಕಾಣುವ ಕಸೂತಿ ಹೊಲಿಗೆ, ಕಲಿಸಲು ಹೊರಟಾಗ ಬಂದ ಮಾತಿದು. ಎರಡು ಬೇಸಿಗೆ ಮುಗಿದಿವೆ. 8ರಿಂದ 14 ವಯಸ್ಸಿನ ಮಕ್ಕಳು ಕಸೂತಿಯ ಗೋಪುರ ವಿನ್ಯಾಸ ಹೊಲಿದು ಮನೆಗೆ ಒಯ್ದಿದ್ದಾರೆ, ಮೂರನೇ ಸಲಕ್ಕೂ ಅದೇ ಕ್ಯಾಂಪ್ ಕರೆದಿದೆ.

ಮೊದಲ ಅರ್ಜಿಯಲ್ಲಿ ಯೋಗ, ಕ್ರಿಕೆಟ್, ಹಾಡು, ಕುಣಿತ ಎಲ್ಲ ತುಂಬಿಸಿದ್ದೆ. ಒಂದು ಕ್ಯಾಂಪೂ ಕೇಳಲಿಲ್ಲ. ಮರುವರ್ಷ ಕಸೂತಿ ಒಂದನ್ನೇ ಬರೆದೆ. ಅರ್ಜಿಯ ಜೊತೆಗಿನ ಒಂದು ನಿಮಿಷದ ವಿಡಿಯೋದಲ್ಲಿ ಮುಖಕ್ಕಿಂತ ಕೈ ಹೆಚ್ಚು ಕಾಣಬೇಕು. ಕೊನೆಗೆ ಬಟ್ಟೆ ತಿರುವಿ ಹಿಂಭಾಗ ತೋರಿಸಬೇಕು. ಎರಡೂ ಕಡೆ ಒಂದೇ ಥರ ಇರುವುದನ್ನು ನೋಡಿದ ಮೇಲೇ ಸಂದರ್ಶನಕ್ಕೆ ಕರೆದರು.

ಜೆ-1 ಎಂಬ ಅಮೆರಿಕದ ವಿನಿಮಯ ವೀಸಾದಲ್ಲಿ ಕ್ಯಾಂಪ್ ಕೌನ್ಸೆಲರ್ (ಕ್ಯಾಂಪಿನ ಮಕ್ಕಳನ್ನು ನೋಡಿಕೊಂಡು ಕಲಿಸುವವರ) ವರ್ಗಕ್ಕೆ 18 ತುಂಬಿರಬೇಕು, ಅವಧಿ ಹೆಚ್ಚೆಂದರೆ ನಾಲ್ಕು ತಿಂಗಳು. ಪೊಲೀಸ್ ಕ್ಲಿಯರೆನ್ಸ್ ಹುಬ್ಬಳ್ಳಿ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ಆಗುತ್ತದೆ. ಚೆನ್ನೈನ ಅಮೆರಿಕ ಕಾನ್ಸುಲೇಟಿನಲ್ಲಿ ಮೊದಲ ಸಲ 214(ಬಿ) ಚೀಟಿ, ಅಂದರೆ ವೀಸಾ ಇಲ್ಲ ಎಂಬ ಚೀಟಿ, ಕೊಟ್ಟು ಕಳಿಸಿದರು. ‘ಮಕ್ಕಳೆಂದರೆ ಇಷ್ಟ’ ಅಂದದ್ದೇ ತಪ್ಪು. ಯಾವ ಕಲೆ, ಯಾವ ವಯಸ್ಸಿನವರಿಗೆ, ಎಷ್ಟು ವಾರ, ಮರಳಿ ಬಂದು ಏನು ಮಾಡುತ್ತೀರಿ ಎಂಬುದನ್ನು ನಾಲ್ಕು ವಾಕ್ಯದಲ್ಲಿ ಹೇಳಿದಾಗ ವೀಸಾ ಆಯಿತು. ವೀಸಾ ಫೀ 185 ಡಾಲರ್ ಮತ್ತೆ ಕಟ್ಟಬೇಕಾಯಿತು. 35 ಡಾಲರಿನ ಸೆವಿಸ್ ಫೀ (ವಿದ್ಯಾರ್ಥಿ, ವಿನಿಮಯ ವೀಸಾದವರ ದಾಖಲೆಗೆ ಅಮೆರಿಕ ಸರ್ಕಾರ ಪಡೆಯುವ ಫೀ) ಮಾತ್ರ, ಅದೇ ವರ್ಗಕ್ಕೆ 12 ತಿಂಗಳೊಳಗೆ ಅರ್ಜಿ ಹಾಕಿದರೆ, ಎರಡನೇ ಸಲ ಬೇಡ.

ಏಜೆನ್ಸಿ, ವಿಮೆ, ಟಿಕೆಟ್, ಎರಡು ಸಲದ ಚೆನ್ನೈ ಓಡಾಟ ಎಲ್ಲ ಕೂಡಿ ಮೊದಲ ವರ್ಷ ಎರಡು ಲಕ್ಷದ ಹತ್ತಿರ ಹೋಯಿತು. ಊಟ-ವಸತಿ ಕ್ಯಾಂಪಿನದು, ಒಂಬತ್ತು ವಾರಕ್ಕೆ ಕೈಗೆ ಬಂದದ್ದು 2,200 ಡಾಲರ್ ಆಸುಪಾಸು. ಅಂದರೆ ತುಸು ಲುಕ್ಸಾನು. ಎರಡನೇ ವರ್ಷ ಪಗಾರ ಏರಿತು, ಏಜೆನ್ಸಿ ಫೀ ಇಳಿಯಿತು, ಸ್ವಲ್ಪ ಉಳಿಯಿತು. ಪಗಾರ ಚೀಟಿಯಲ್ಲಿ ಸೋಶಿಯಲ್ ಸೆಕ್ಯೂರಿಟಿ, ಮೆಡಿಕೇರ್ ಅಂತ 7.65 ಪ್ರತಿಶತ ಕಡಿದಿದ್ದರೆ ಕೂಡಲೇ ಕೇಳಿ. ಹೊಸದಾಗಿ ಜೆ-1ರಲ್ಲಿ ಹೋದವರಿಗೆ ಅದು ಅನ್ವಯಿಸುವುದಿಲ್ಲ. ಅಡುಗೆಮನೆ, ಪಾತ್ರೆ ತೊಳೆಯುವ ಕೆಲಸಕ್ಕೆ ಹಚ್ಚಿದರೂ ಸ್ಪಾನ್ಸರ್‌ಗೆ, ಅಂದರೆ ನಿಮ್ಮ ಜೆ-1ರ ಹೊಣೆ ಹೊತ್ತ ಸಂಸ್ಥೆಗೆ, ತಿಳಿಸಿ. ಕೌನ್ಸೆಲರ್ ವರ್ಗದವರನ್ನು ಆ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ.

ಇನ್ನು ಹೊಲಿಗೆ. ಇಳಕಲ್ ಸೀರೆಯ ಎಳೆ ಎಣಿಸುವುದು ಮಕ್ಕಳ ಕಣ್ಣಿಗೆ ಆಗದ ಮಾತು. ಮ್ಯಾಟಿ ಬಟ್ಟೆಯೂ ಕೆಲಸಕ್ಕೆ ಬರಲಿಲ್ಲ, ರಿಂಗಿನಲ್ಲಿ ಎಳೆದರೆ ಎಳೆ ಸರಿಯುತ್ತದೆ. ಇಂಚಿಗೆ 11 ಚೌಕದ ಐಡಾ ಬಟ್ಟೆ, ಮೊಂಡು ತುದಿಯ ಸೂಜಿ, ಐದಿಂಚಿನ ರಿಂಗು ಸಾಕು. ಬಟ್ಟೆಯ ಕತ್ತರಿಸಿದ ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ರೇಷ್ಮೆ ದಾರ ಒಯ್ದಿದ್ದೆ: ಬೆವರಿದ ಬೆರಳಿಗೆ ಸಿಕ್ಕು ಎಳೆ ಎದ್ದಿತು, ಕೆಂಪು ಬಣ್ಣ ಬಿಟ್ಟಿತು. ಈಗ ಆರೆಳೆಯ ಹತ್ತಿ ದಾರವೇ. ಎಂಟು ಮೀಟರಿನ ಲಡಿಯನ್ನು ಒಂದೊಂದು ಮೊಳಕ್ಕೆ ಕತ್ತರಿಸಿ, ಎರಡೆರಡು ಎಳೆ ಬಿಡಿಸಿದರೆ ಸುಮಾರು 50 ಸೂಜಿಗೆ ಆಗುತ್ತದೆ. ಮೊಳಕ್ಕಿಂತ ಉದ್ದ ಬೇಡ, ಗಂಟು ಬಿಡಿಸುವುದರಲ್ಲೇ 45 ನಿಮಿಷದ ಪೀರಿಯಡ್ ಮುಗಿಯುತ್ತದೆ.

ಮೊದಲ ವಾರ ಸೋತದ್ದು ಚೌಕದಲ್ಲಿ. ಐಡಾದ ಒಂದು ಚೌಕಕ್ಕೆ ಮನೆ ಅನ್ನೋಣ. ಬದಿಗೆ ನಾಲ್ಕು ಮನೆಯ ಚೌಕ ಹೊಲಿದರೆ ಸುತ್ತಳತೆ 16. ಒಂದು ಮನೆ ಬಟ್ಟೆಯ ಮೇಲೆ, ಒಂದು ಮನೆ ಬಟ್ಟೆಯ ಅಡಿಗೆ ಹೋಗುತ್ತ ಸುತ್ತು ಮುಗಿಸಿದ ಮಗು ಸಹಜವಾಗಿ ಅದೇ ದಿಕ್ಕಿಗೆ ಮುಂದುವರಿಯುತ್ತದೆ. ಆಗ ಹೊಲಿಗೆಯ ಮೇಲೇ ಹೊಲಿಗೆ ಬಿದ್ದು ಖಾಲಿ ಮನೆಗಳು ಖಾಲಿಯೇ ಉಳಿಯುತ್ತವೆ. ಐಡಾದ ಮನೆಗಳ ಮೇಲೆ ಓರೆ ಹೊಲಿಗೆ ಇಲ್ಲದ ಯಾವ ಸುತ್ತು ಹಾಕಿದರೂ ಲೆಕ್ಕ ಸರಿಸಂಖ್ಯೆಯೇ ಬರುವುದರಿಂದ ಹೀಗಾಗುತ್ತದೆ. ಬಂದ ದಾರಿಯಲ್ಲೇ ತಿರುಗಬೇಕು. ನಮ್ಮ ಕೈಗೆ ಇದು ರೂಢಿ, ಬಾಯಲ್ಲಿ ಹೇಳಿದರೆ ಮಕ್ಕಳಿಗೆ ಹತ್ತುವುದಿಲ್ಲ. ಹೋಗುವಾಗ ಕೆಂಪು ದಾರ, ಬರುವಾಗ ಹಳದಿ ಕೊಟ್ಟೆ. ಕೆಂಪಿನ ನಡುವೆ ಹಳದಿ ಕೂಡದಿದ್ದರೆ ಎಲ್ಲಿ ತಪ್ಪಿತೆಂದು ಅವರೇ ಹುಡುಕುತ್ತಾರೆ. ಎರಡು ದಿನದಲ್ಲಿ ಗವಂತಿ ಹತ್ತಿತು, ಆಮೇಲೆ ಮುರಗಿ ಎಂಬ ಇನ್ನೊಂದು ಕಸೂತಿ ಹೊಲಿಗೆಯ ಮೆಟ್ಟಿಲು ತಡವಾಗಲಿಲ್ಲ. ಗೋಪುರಕ್ಕೆ ಯಾವ ಮನೆಯಿಂದ ಶುರು ಮಾಡಿದರೆ ಒಂದೇ ದಾರದಲ್ಲಿ ಕವಲೆಲ್ಲ ಮುಗಿಯುತ್ತವೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ನನ್ನ ಕ್ಲಾಸು ನಡೆಯುವುದೇ ಅದರ ಮೇಲೆ.

ಕ್ಯಾಂಪಿನ ಟೀ-ಶರ್ಟ್ ಮೇಲೂ ಹಾಕಿ ನೋಡಿದೆ. ಜಾಳಿಯಂತೆ ಹಿಗ್ಗುವ ಬಟ್ಟೆ, ಹೊಲಿಗೆ ಸುಕ್ಕುಗಟ್ಟಿತು. ವೇಸ್ಟ್ ಕ್ಯಾನ್ವಾಸ್ ಎಂಬ, ಹೊಲಿದ ಮೇಲೆ ಕಿತ್ತು ತೆಗೆಯುವ ಚೌಕದ ಬಟ್ಟೆಯನ್ನು ಮೇಲಿಟ್ಟು ಅದರ ಚೌಕ ಎಣಿಸಿ ಹೊಲಿದು, ಕೊನೆಗೆ ನೀರು ಚಿಮುಕಿಸಿ ಅದರ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆದರೆ ಛಲೋ ಬರುತ್ತದೆ. ದೊಡ್ಡ ಮಕ್ಕಳಿಗೆ ಮಾತ್ರ.

ಸೂಜಿಯ ಲೆಕ್ಕ ಬಿಡಬೇಡಿ. ಹೊರಗೆ ಹುಲ್ಲಿನ ಮೇಲೆ ಬರಿಗಾಲಲ್ಲಿ ಓಡಾಡುವ ಮಕ್ಕಳು ಅವರು. ಫೆಲ್ಟ್ ಬಟ್ಟೆಯ ಮೇಲೆ 1ರಿಂದ 14 ನಂಬರು ಬರೆದು ಸೂಜಿ ಚುಚ್ಚಿಡುತ್ತೇನೆ; ಹದಿನಾಲ್ಕೂ ಮರಳುವ ತನಕ ಯಾರೂ ಬೆಂಚು ಬಿಟ್ಟು ಏಳುವಂತಿಲ್ಲ. ಒಂದು ಕಡಿಮೆಯಾದರೆ ದಾರ ಕಟ್ಟಿದ ಅಯಸ್ಕಾಂತವನ್ನು ಬೆಂಚಿನ ಕೆಳಗೆ ಎಳೆದಾಡಿದರೆ ಸಿಗುತ್ತದೆ.