ಬೇಸ್ ಗಿಟಾರ್ ಆರಿಸುವ ಮುನ್ನ ಹೆಗಲಿಗೆ ಹಾಕಿ ನೋಡಿ

ನನ್ನ ಮೊದಲ ಬೇಸ್ ನೋಡೋಕೆ ತುಂಬಾ ಚೆನ್ನಾಗಿತ್ತು. ಹೆಗಲಿಗೆ ಹಾಕಿ ಅರ್ಧ ಗಂಟೆ ನಿಂತರೆ ಮಾತ್ರ ಅದರ ತಲೆ ನೆಲದ ಕಡೆ ಜಗ್ಗುತ್ತಿತ್ತು. ಎಡಗೈಗೆ ಸ್ವರ ಒತ್ತುವುದರ ಜೊತೆಗೆ ನೆಕ್ (ತಂತಿ ಒತ್ತುವ ಉದ್ದನೆಯ ಕತ್ತು) ಎತ್ತಿ ಹಿಡಿಯುವ ಕೆಲಸವೂ ಬಿತ್ತು. ಮಣಿಕಟ್ಟು ನೋಯತೊಡಗಿದ ಮೇಲೆ ಅದನ್ನು ಬಿಟ್ಟುಕೊಟ್ಟೆ. ಈಗ ಯಾರು ಕೇಳಿದರೂ ನಾನು ಹೇಳುವ ಕ್ರಮ ಇದು.

ಮೊದಲು ನಿಂತು ನೋಡಿ. ಕೂತು ನುಡಿಸಿದರೆ ಎಲ್ಲ ಬೇಸೂ ಹಗುರವೇ. ಸಾಮಾನ್ಯವಾಗಿ ಇದರ ತೂಕ ಮೂರೂವರೆಯಿಂದ ನಾಲ್ಕೂವರೆ ಕಿಲೋ. ಅಗಲವಾದ ಸ್ಟ್ರಾಪ್ (ಹೆಗಲಪಟ್ಟಿ) ಹಾಕಿ 15 ನಿಮಿಷ ನಿಲ್ಲಿ. ಆಮೇಲೆ ಎರಡೂ ಕೈ ಬಿಡಿ. ನೆಕ್ ಇದ್ದಲ್ಲೇ ನಿಂತರೆ ಮುಂದಿನ ಹೆಜ್ಜೆಗೆ ಹೋಗಿ. ಕೆಳಗೆ ಜಾರಿದರೆ ಅಲ್ಲೇ ಬಿಡಿ.

ನೆಕ್ ಹಿಡಿಯಿರಿ. ಇಂದಿನ ಬಹುಪಾಲು ಬೇಸ್‌ಗಳು ಅಮೆರಿಕದ ಫೆಂಡರ್ ಕಂಪನಿಯ ಎರಡು ಮಾದರಿಗಳ ದಾರಿಯಲ್ಲೇ ಬಂದಿವೆ: 1951ರ ಪ್ರಿಸಿಷನ್, 1960ರ ಜಾಝ್. ತಲೆಯ ಹತ್ತಿರ ಜಾಝ್ ನೆಕ್ ಸುಮಾರು 38 ಮಿ.ಮೀ. ಅಗಲ. ಪ್ರಿಸಿಷನ್ ಸಾಮಾನ್ಯವಾಗಿ 41ರಿಂದ 44. ಅಳತೆಪಟ್ಟಿಯಲ್ಲಿ ಇದೇನೂ ಅಲ್ಲ, ಕೈಯಲ್ಲಿ ಮಾತ್ರ ತುಂಬಾ ಜಾಸ್ತಿ. ದಪ್ಪ ತಂತಿಯ ಮೊದಲ ಫ್ರೆಟ್ (ನೆಕ್ ಮೇಲಿನ ಅಡ್ಡಪಟ್ಟಿ) ಮೇಲೆ ತೋರುಬೆರಳಿಟ್ಟು, ನಾಲ್ಕನೆಯದಕ್ಕೆ ಕಿರುಬೆರಳು ಚಾಚಿ. ಮಣಿಕಟ್ಟು ತಿರುಚಬೇಕಾಯಿತಾ? ಹಾಗಿದ್ದರೆ 34 ಇಂಚಿನ ಸ್ಕೇಲ್ (ತಂತಿಯ ಮಿಡಿಯುವ ಭಾಗದ ಉದ್ದ) ಬದಲು 30 ಇಂಚಿನದನ್ನು ಕೇಳಿ. ಅದು ಮಕ್ಕಳ ಬೇಸ್ ಅಲ್ಲ. ಬೀಟಲ್ಸ್‌ನ ಪಾಲ್ ಮ್ಯಾಕಾರ್ಟ್ನಿಯ ಪಿಟೀಲಿನಾಕಾರದ ಹಾಫ್ನರ್ ಬೇಸ್ ಕೂಡ ಗಿಡ್ಡ ಸ್ಕೇಲಿನದೇ.

ಆಂಪ್ (ಧ್ವನಿವರ್ಧಕ) ಇಲ್ಲದೆ ನುಡಿಸಿ. ಈ ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಬೇಸ್‌ನ ಒಡಲಿನ ಮೇಲ್ಭಾಗದಲ್ಲಿ ಚಾಚಿಕೊಂಡಿರುವ ಕೊಂಬಿಗೆ ಕಿವಿ ತಾಗಿಸಿ ತಂತಿ ಮೀಟಿ. ಮರದೊಳಗೆ ಸ್ವರ ಎಷ್ಟು ಹೊತ್ತು ಉಳಿಯುತ್ತದೆ ಅನ್ನೋದು ಕೇಳಿಸುತ್ತದೆ. ಒಂದೊಂದೇ ಫ್ರೆಟ್ ಒತ್ತುತ್ತಾ ಹೋಗಿ. ತೆಳು ತಂತಿಯಲ್ಲಿ ಐದರಿಂದ ಏಳನೇ ಫ್ರೆಟ್ ನಡುವೆ ನಿಧಾನಿಸಿ. ಕೆಲವು ಬೇಸ್‌ಗಳಲ್ಲಿ ಅಲ್ಲೊಂದು ಸ್ವರ ಹುಟ್ಟಿದ ಕೂಡಲೇ ಸತ್ತುಹೋಗುತ್ತದೆ. ಯಾವ ನಾಬ್ ತಿರುಗಿಸಿದರೂ ಅದು ಸರಿಹೋಗದು. 12ನೇ ಫ್ರೆಟ್‌ನಲ್ಲಿ ಶ್ರುತಿ ತುಸು ತಪ್ಪಿದ್ದರೆ ಹೆದರಬೇಡಿ. ಬ್ರಿಜ್ (ಒಡಲಿನ ಮೇಲೆ ತಂತಿಗಳ ತುದಿ ಹಿಡಿದಿಡುವ ಭಾಗ) ಮೇಲೆ ತಂತಿ ಕೂರುವ ತುಂಡನ್ನು ಹಿಂದೆ ಮುಂದೆ ಸರಿಸಿದರೆ ಸಾಮಾನ್ಯವಾಗಿ ಸರಿಯಾಗುತ್ತದೆ.

ಈಗ ಆಂಪ್‌ಗೆ ಸಿಕ್ಕಿಸಿ. ಪ್ರಿಸಿಷನ್‌ನಂತೆ ನಡುವೆ ಒಂದೇ ಪಿಕಪ್ (ತಂತಿಯ ಕಂಪನವನ್ನು ಆಂಪ್‌ಗೆ ದಾಟಿಸುವ ಅಯಸ್ಕಾಂತದ ಭಾಗ) ಇದ್ದರೆ ನಾದ ದುಂಡಗೆ, ದಪ್ಪಗೆ ಬರುತ್ತದೆ. ಜಾಝ್‌ನಲ್ಲಿ ಎರಡಿವೆ. ಬ್ರಿಜ್ ಕಡೆಯದನ್ನು ಏರಿಸಿದಷ್ಟೂ ಸ್ವರ ಚುರುಕು. ಒಳಗೇ ನಾದ ತಿದ್ದುವ ಸರ್ಕ್ಯೂಟ್ ಇರುವ ಆಕ್ಟಿವ್ ಬೇಸ್‌ಗಳಲ್ಲಿ ಸಾಮಾನ್ಯವಾಗಿ 9 ವೋಲ್ಟ್ ಬ್ಯಾಟರಿ ಇರುತ್ತದೆ. ಅದು ಮುಗಿದರೆ ಹಲವು ಬೇಸ್‌ಗಳು ಮೂಕವಾಗುತ್ತವೆ. ನನಗೆ ಬ್ಯಾಟರಿ ಇಲ್ಲದ ಪ್ಯಾಸಿವ್ ಬೇಸೇ ಇಷ್ಟ. ಬೆರಳು ಮೆತ್ತಗೆ ಮೀಟಿದರೆ ಮೆತ್ತಗೆ, ಗಟ್ಟಿಯಾಗಿ ಮೀಟಿದರೆ ಗಟ್ಟಿಯಾಗಿ ಹೊರಗೆ ಬರಬೇಕು, ಅಲ್ವಾ?

ತಂತಿ ನಾಲ್ಕೋ ಐದೋ? ನಾಲ್ಕು ತಂತಿಯ ಬೇಸ್‌ನ ಅತಿ ಕೆಳಗಿನ ಸ್ವರ ಸುಮಾರು 41 ಹರ್ಟ್ಸ್, ಐದನೇ ತಂತಿಯದು 31. ಮನೆಯ ಸಣ್ಣ ಆಂಪ್‌ನಲ್ಲಿ ಆ 31 ಚೆನ್ನಾಗಿ ಕೇಳಿಸುವುದೇ ಇಲ್ಲ. ನಿಮ್ಮ ಹಾಡುಗಳು ಅಷ್ಟು ಕೆಳಗೆ ಇಳಿಯದಿದ್ದರೆ ನಾಲ್ಕೇ ಸಾಕು.

ತಂತಿಯನ್ನು ನೋಡಿ ಬೇಸ್ ತಳ್ಳಿಹಾಕಬೇಡಿ. ಹೊರಗೆ ದುಂಡು ತಂತಿ ಸುತ್ತಿದ ಹೊಸ ರೌಂಡ್‌ವೂಂಡ್ ಝಣಝಣ ಅನ್ನುತ್ತದೆ, ನುಣುಪಾದ ಫ್ಲ್ಯಾಟ್‌ವೂಂಡ್ ಧಮ್ ಅನ್ನುತ್ತದೆ. ಅಮೆರಿಕದ ಹೆಸರಾಂತ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ತಮ್ಮ ಪ್ರಿಸಿಷನ್‌ಗೆ ಫ್ಲ್ಯಾಟ್‌ವೂಂಡ್ ಹಾಕಿ, ತುಂಡಾಗುವವರೆಗೂ ಬದಲಿಸುತ್ತಿರಲಿಲ್ಲ. ತಂತಿ ಯಾವಾಗ ಬೇಕಾದರೂ ಬದಲಿಸಬಹುದು. ನೆಕ್ ಅಷ್ಟು ಸುಲಭವಲ್ಲ.

ಕೊನೆಗೆ ಎರಡು ಬೇಸ್ ಉಳಿದರೆ ಅಂದೇ ತೀರ್ಮಾನಿಸಬೇಡಿ. ಮರುದಿನ ಹೋಗಿ, ಬಾಯಿಪಾಠವಾಗಿರುವ ಒಂದೇ ಸಾಲನ್ನು ಎರಡರಲ್ಲೂ ಕಣ್ಣುಮುಚ್ಚಿ ನುಡಿಸಿ. ಯಾವುದರಲ್ಲಿ ಬೆರಳು ತಾನಾಗಿ ಮುಂದಿನ ಸಾಲಿಗೆ ಹೋಯಿತೋ ಅದನ್ನು ತನ್ನಿ.