ಓಸೊಟೊ ಗಾರಿ: ಹಾಕುವುದು ಹೇಗೆ, ತಪ್ಪಿಸಿಕೊಳ್ಳುವುದು ಹೇಗೆ?

ಜೂಡೊ ಕ್ಲಾಸಿಗೆ ಸೇರಿದ ಹುಡುಗರು ಮೊದಲ ವಾರವೇ ಹಾಕಲು ನೋಡುವ ಪಟ್ಟು ಓಸೊಟೊ ಗಾರಿ. ಎದುರಾಳಿಯ ಹೊರಬದಿಗೆ ಹೋಗಿ, ಅವನ ಕಾಲನ್ನು ನಮ್ಮ ಕಾಲಿನಿಂದಲೇ, ಕುಡುಗೋಲು ಬೀಸಿದಂತೆ, ಹಿಂದಿನಿಂದ ಕೊಯ್ದು ಎತ್ತಿ, ಬೆನ್ನ ಮೇಲೆ ಕೆಡವುವುದು. ಮೊಬೈಲಿನಲ್ಲಿ ನೋಡಿದರೆ ಬಹಳ ಸುಲಭ ಅನ್ನಿಸುತ್ತದೆ. ಮ್ಯಾಟ್ ಮೇಲೆ ಮಾತ್ರ ಒದೆಯಲು ಹೋದವರೇ ಹಿಂದಕ್ಕೆ ಬೀಳುತ್ತಾರೆ. ಬಳ್ಳಾರಿಯ ಬೇಸಿಗೆ ಶಿಬಿರಗಳಲ್ಲಿ ಇದನ್ನು ವರ್ಷವರ್ಷವೂ ನೋಡುತ್ತಿದ್ದೇನೆ.

ನಮ್ಮ ಜಿಲ್ಲೆಯಲ್ಲಿ ಜೂಡೊ ಈಗ ಹೊಸ ಹೆಸರಲ್ಲ. ತೋರಣಗಲ್ಲು ಬಳಿಯ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ತಯಾರಾದ ಮಣಿಪುರದ ಲಿಂತೋಯ್ ಚಾನಂಬಮ್ 2022ರಲ್ಲಿ ಸರಾಯೆವೊದ ಕೆಡೆಟ್ (18 ವರ್ಷದೊಳಗಿನವರ) ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ, 57 ಕೆ.ಜಿ. ವಿಭಾಗದಲ್ಲಿ ಚಿನ್ನ ಗೆದ್ದಳು. ಹಾಗಾಗಿ ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರೂ ಈ ಪಟ್ಟಿನ ಬಗ್ಗೆ ಸ್ವಲ್ಪ ತಿಳಿದುಕೊಂಡಿರುವುದು ಒಳ್ಳೆಯದು.

ಮೊದಲು ಬೀಳುವುದನ್ನು ಕಲಿಯಿರಿ

ಇದರಲ್ಲಿ ರಿಯಾಯಿತಿ ಇಲ್ಲ. ಓಸೊಟೊ ಗಾರಿ ಬಿದ್ದರೆ ಮನುಷ್ಯ ನೇರ ಹಿಂದಕ್ಕೆ ಹೋಗುತ್ತಾನೆ, ನೆಲ ಕಣ್ಣಿಗೆ ಕಾಣುವುದಿಲ್ಲ. ಜಪಾನಿನ ಶಾಲೆಗಳಲ್ಲಿ ಜೂಡೊ ಕಲಿಯುವಾಗ ತಲೆಗೆ ಬಿದ್ದ ಗಂಭೀರ ಪೆಟ್ಟುಗಳನ್ನು ನೋಡಿದಾಗ ಹೆಚ್ಚಾಗಿ ಸಿಕ್ಕಿದ್ದು ಇದೇ ಪಟ್ಟು. ಪೆಟ್ಟು ತಿಂದವರಲ್ಲಿ ಹೊಸಬರೇ ಜಾಸ್ತಿ.

ಗದ್ದ ಎದೆಗೆ ಒತ್ತಿಕೊಳ್ಳಬೇಕು, ಕಣ್ಣು ನಿಮ್ಮ ಬೆಲ್ಟಿನ ಗಂಟಿನ ಮೇಲಿರಬೇಕು. ಬಲಗೈ ತೋಳನ್ನು ಎದುರಾಳಿ ಹಿಡಿದಿರುತ್ತಾನೆ, ಆದ್ದರಿಂದ ನೆಲಕ್ಕೆ ಬಡಿಯುವುದು ಎಡಗೈ. ಅಂಗೈಯಿಂದ ಮೊಣಕೈವರೆಗೂ ಒಟ್ಟಿಗೆ ಬಡಿಯಿರಿ. ಕೈಯನ್ನು ಹಿಂದೆ ಊರಿ ತಡೆಯಲು ಹೋದರೆ ಮಣಿಕಟ್ಟೋ ಮೊಣಕೈಯೋ ಹೋಗುತ್ತದೆ. ಗರಡಿಯಿಂದ ಬಂದ ಹುಡುಗರಿಗೆ ಇನ್ನೊಂದು ಕಷ್ಟ ಇದೆ. ಬೆನ್ನು ನೆಲಕ್ಕೆ ತಾಗಬಾರದು ಅಂತ ಕುಸ್ತಿಯಲ್ಲಿ ಕಲಿತಿರುತ್ತಾರೆ, ಬೀಳುವಾಗ ಗಾಳಿಯಲ್ಲೇ ಹೊಟ್ಟೆ ಕಡೆ ತಿರುಗುತ್ತಾರೆ. ಆಗ ಮಂಡಿ ತಿರುಚುತ್ತದೆ. ಅಭ್ಯಾಸದಲ್ಲಿ ಸುಮ್ನೆ ಬೆನ್ನ ಮೇಲೆ ಬೀಳಿ.

ತಲೆ ನೆಲಕ್ಕೆ ಬಡಿದು ತಲೆನೋವು, ವಾಂತಿ, ಮಂಪರು ಕಂಡರೆ ಅಂದು ಆಟ ಮುಗಿಯಿತು ಅಂತಲೇ ಲೆಕ್ಕ. ನೀರು ಚಿಮುಕಿಸಿ ಮತ್ತೆ ಮ್ಯಾಟ್‌ಗೆ ಕಳಿಸಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮ್ಯಾಟ್ ವಿಷಯಕ್ಕೆ ಬಂದರೆ, ಮಕ್ಕಳ ಕೋಣೆಗೆ ಹಾಸುವ ತೆಳ್ಳನೆಯ ಜೋಡಣೆ ಮ್ಯಾಟ್ ಇದಕ್ಕೆ ಆಗುವುದೇ ಇಲ್ಲ. ಕನಿಷ್ಠ 4 ಸೆಂ.ಮೀ. ದಪ್ಪ ಇರಲಿ, ಎರಡು ಮ್ಯಾಟ್ ನಡುವೆ ಬೆರಳು ಸಿಕ್ಕಿಕೊಳ್ಳುವಷ್ಟು ಸಂದು ಇರದಿರಲಿ. ಯೋಗ ಮ್ಯಾಟ್ ಮೇಲೆ ಎಸೆಯುವವರನ್ನೂ ಕಂಡಿದ್ದೇನೆ, ದಯವಿಟ್ಟು ಬೇಡ. ಕರಾಟೆ ಡ್ರೆಸ್ ಕೂಡ ಸಾಲದು. ಕಾಲರ್ ಹಿಡಿದು ಎಳೆದ ಕೂಡಲೇ ಹರಿಯುತ್ತದೆ.

ಹಿಡಿತ

ಬಲಗೈಯವರಾದರೆ ಬಲಗೈಲಿ ಎದುರಾಳಿಯ ಕಾಲರ್, ಎಡಗೈಲಿ ಅವನ ಬಲ ತೋಳಿನ ಬಟ್ಟೆ. ಅಷ್ಟೇ.

ಎಲ್ಲ ಕೆಡುವುದು ಇಲ್ಲೇ: ಎಡಗಾಲು

ಎಲ್ಲರ ಗಮನವೂ ಕೊಯ್ಯುವ ಬಲಗಾಲಿನ ಮೇಲೆ. ಪಟ್ಟು ಕೂರುವುದೋ ಕೆಡುವುದೋ ಅದಕ್ಕಿಂತ ಮೊದಲು ಊರುವ ಎಡಗಾಲಿನಲ್ಲಿ. ಹೊಸಬರು ಎದುರಾಳಿಯ ಮುಂದೆಯೇ, ದೂರದಲ್ಲೇ ಎಡಗಾಲು ಊರುತ್ತಾರೆ. ಅಲ್ಲಿಂದ ಬಲಗಾಲು ಚಾಚುತ್ತಾರೆ. ಕಾಲು ದೂರಕ್ಕೆ ಹೋದಂತೆ ಎದೆ ಹಿಂದಕ್ಕೆ ವಾಲುತ್ತದೆ. ಎದುರಾಳಿ ಒಂದು ಸಲ ಮುಂದಕ್ಕೆ ಒತ್ತಿದರೆ ಸಾಕು, ನೀವೇ ಕೆಳಗೆ.

ಸರಿಯಾದ ಜಾಗ ಇದು: ಎದುರಾಳಿಯ ಬಲಪಾದದ ಪಕ್ಕದಲ್ಲಿ, ಒಂದು ಗೇಣು ಹೊರಗೆ, ಅವನ ಹಿಮ್ಮಡಿಯ ನೇರಕ್ಕೆ. ಸ್ವಲ್ಪ ದಾಟಿದರೂ ಅಡ್ಡಿಯಿಲ್ಲ, ಹಿಂದೆ ಉಳಿಯಬಾರದು. ಬೆರಳುಗಳು ನೀವು ಹೋಗುವ ದಿಕ್ಕಿಗೇ ಇರಲಿ. ಮಂಡಿ ಸ್ವಲ್ಪ ಬಗ್ಗಿರಲಿ.

ಕಾಲು ಇಳಿಯುವ ಹೊತ್ತಿಗೇ ಎರಡೂ ಕೈ ಕೆಲಸ ಮಾಡಬೇಕು. ಕಾಲಿಟ್ಟು ಆಮೇಲೆ ಎಳೆದರೆ ಅವನು ಎಚ್ಚೆತ್ತಿರುತ್ತಾನೆ. ಎಡಗೈ ಅವನ ತೋಳನ್ನು ನಿಮ್ಮ ಸೊಂಟದ ಕಡೆ ಕೆಳಕ್ಕೆ ಎಳೆಯುತ್ತದೆ. ಕಾಲರ್ ಹಿಡಿದ ಬಲಗೈ ಅವನ ಹೆಗಲನ್ನು ಹಿಂದಕ್ಕೆ, ಅದೇ ಬಲಗಾಲಿನ ಮೇಲಕ್ಕೆ ದೂಡುತ್ತದೆ. ನಿಮ್ಮ ಬಲ ಎದೆ ಅವನ ಬಲ ಎದೆಗೆ ಅಂಟಬೇಕು. ನಡುವೆ ಗಾಳಿ ಆಡಬಾರದು.

ಆಯಿತೋ ಇಲ್ಲವೋ ಅಂತ ನೋಡಲು ಒಂದು ಗುರುತು ಇದೆ. ಈ ಹಂತದಲ್ಲಿ ನಿಂತು ಎದುರಾಳಿಯ ಬಲಪಾದ ನೋಡಿ. ಭಾರವೆಲ್ಲ ಹಿಮ್ಮಡಿಗೆ ಬಂದು ಬೆರಳುಗಳು ಮ್ಯಾಟ್‌ನಿಂದ ಎದ್ದಿದ್ದರೆ ಸರಿ. ಬೆರಳು ಮ್ಯಾಟ್ ಹಿಡಿದುಕೊಂಡೇ ಇದ್ದರೆ ಬಲಗಾಲು ಎತ್ತಲೇಬೇಡಿ, ಮತ್ತೆ ಮೊದಲಿಂದ ಮಾಡಿ. ನನ್ನ ಕೇಳಿದರೆ ಮೊದಲ ತಿಂಗಳು ಇಷ್ಟನ್ನೇ ಮಾಡಬೇಕು, ಕೊಯ್ಯುವುದು ಆಮೇಲೆ.

ಕೊಯ್ಯುವುದು

ಬಲಗಾಲನ್ನು ಇಬ್ಬರ ನಡುವಿನಿಂದ ಮುಂದಕ್ಕೆ ಬೀಸಿ, ಪಾದದ ಬೆರಳು ಚೂಪು ಮಾಡಿ, ಅವನ ತೊಡೆಯ ಹಿಂಬದಿಗೆ ನಿಮ್ಮ ತೊಡೆಯ ಹಿಂಬದಿ ತಾಗುವಂತೆ ಹಿಂದಕ್ಕೆ ಎಳೆಯಿರಿ. ಹಿಮ್ಮಡಿಯಿಂದ ಮಂಡಿಯ ಪಕ್ಕಕ್ಕೆ ಒದೆಯುವುದು ಜೂಡೊ ಅಲ್ಲ, ಜೊತೆಗಾರನ ಕಾಲು ಮುರಿಯುವ ದಾರಿ. ಕಾಲು ಮೇಲೇಳುವಾಗ ತಲೆ ಕೆಳಗಿಳಿಯಬೇಕು. ಏತದ ಒಂದು ತುದಿ ಬಗ್ಗಿದರೆ ಇನ್ನೊಂದು ಏಳುತ್ತದಲ್ಲ, ಹಾಗೆ.

ತೋಳು ಹಿಡಿದ ಎಡಗೈಯನ್ನು ಕೊನೆವರೆಗೂ ಬಿಡಬೇಡಿ. ಅವನು ನೆಲ ಮುಟ್ಟುವಾಗ ಅದನ್ನು ಮೇಲಕ್ಕೆ ಎಳೆದುಕೊಂಡರೆ ಅವನ ತಲೆ ಬಡಿಯುವುದಿಲ್ಲ. ಅವನ ಮೇಲೆಯೇ ಬೀಳುವುದು ಬೇಡ.

ನಿಮ್ಮ ಮೇಲೆ ಬಂದರೆ

ಬೆನ್ನು ನೆಟ್ಟಗಿರಲಿ, ಬಲ ಮೊಣಕೈ ಪಕ್ಕೆಗೆ ಹತ್ತಿರ ಇರಲಿ. ತೋಳು ದೂರಕ್ಕೆ ಕೊಟ್ಟರೆ ಅರ್ಧ ಪಟ್ಟು ಕೊಟ್ಟಂತೆ. ಅವನ ಎಡಗಾಲು ಪಕ್ಕಕ್ಕೆ ಬರುವುದು ಗೊತ್ತಾದ ಕೂಡಲೇ ನಿಮ್ಮ ಬಲಗಾಲನ್ನು ದೊಡ್ಡದಾಗಿ ಹಿಂದಕ್ಕೆ ತೆಗೆಯಿರಿ, ಮಂಡಿ ಬಗ್ಗಿಸಿ ಎದೆಯನ್ನು ಮುಂದಕ್ಕೆ ತನ್ನಿ. ಎದೆ ಯಾರದು ಮುಂದಿದೆಯೋ ಪಟ್ಟು ಅವರದು. ಬಲಗಾಲು ನಿಂತಲ್ಲೇ ಬಿಟ್ಟು ಬರೀ ಕೈಯಿಂದ ತಳ್ಳುವುದರಿಂದ ಏನೂ ಆಗದು.

ಈಗ ಅವನು ಒಂಟಿಕಾಲಿನಲ್ಲಿ ನಿಂತಿದ್ದಾನೆ, ಅವನ ಬಲಗಾಲು ನಿಮ್ಮ ಕಾಲಿಗೆ ಸಿಕ್ಕಿಕೊಂಡಿದೆ. ಅವನನ್ನು ಹಿಂದಕ್ಕೆ ಒತ್ತಿ, ನಿಮ್ಮ ಎಡಗಾಲು ಅವನ ಹೊರಬದಿಗೆ ಊರಿ, ಬಲಗಾಲಿನಿಂದ ಅದೇ ಕಾಲು ಕೊಯ್ಯಿರಿ. ಇದು ಓಸೊಟೊ ಗಾಯೆಶಿ. ತಡ ಮಾಡಿದರೆ ಅವನು ಕಾಲು ಊರಿಬಿಡುತ್ತಾನೆ.

ಎರಡು ಮಾತ್ರ ಮಾಡಬೇಡಿ. ಕುಸ್ತಿಯ ರೂಢಿಯಲ್ಲಿ ಬಗ್ಗಿ ಕಾಲು ಹಿಡಿಯಬೇಡಿ. ನಿಂತ ಆಟದಲ್ಲಿ ಕಾಲಿಗೆ ಕೈ ಹಾಕುವುದಕ್ಕೆ ಅಂತರರಾಷ್ಟ್ರೀಯ ನಿಯಮ 2010ರಲ್ಲಿ ಬಿಗಿಯಾಯಿತು, 2013ರಲ್ಲಿ ಹಾಗೆ ಕೈ ಹಾಕುವುದೇ ಪೂರ್ತಿ ನಿಷೇಧವಾಯಿತು. ಹಾಗೆಯೇ, ಅವನ ಕಾಲಿಗೆ ನಿಮ್ಮ ಕಾಲು ಸುತ್ತಿ ಹಿಂದಕ್ಕೆ ಬೀಳಬೇಡಿ. ಅದು ಕವಾಜು ಗಾಕೆ. ಮಂಡಿ ಹೋಗುತ್ತದೆ ಅಂತಲೇ ಅದನ್ನು ನಿಷೇಧಿಸಿದ್ದಾರೆ.

ಮನೆಯಲ್ಲಿ ಜೊತೆಗಾರ ಇಲ್ವಾ? ಹಳೇ ಸೈಕಲ್ ಟ್ಯೂಬನ್ನು ಕಿಟಕಿ ಸರಳಿಗಲ್ಲ, ಗಟ್ಟಿ ಕಂಬಕ್ಕೆ ಎದೆಯೆತ್ತರಕ್ಕೆ ಕಟ್ಟಿ. ಎರಡು ತುದಿ ಹಿಡಿದು, ಎಡಗಾಲು ಊರುವುದು ಮತ್ತು ಎಳೆಯುವುದು ಒಂದೇ ಏಟಿಗೆ ಆಗುವವರೆಗೆ ನಿಧಾನವಾಗಿ ಮಾಡಿ. ಜಪಾನಿನ ಹೆಸರಾಂತ ಜೂಡೊ ಪಟು ಮಸಾಹಿಕೊ ಕಿಮುರಾ ಮರಕ್ಕೇ ಈ ಪಟ್ಟು ಹಾಕಿ ಅಭ್ಯಾಸ ಮಾಡುತ್ತಿದ್ದರು. ಬೆಳೆಯುವ ಮಕ್ಕಳಿಗೆ ಅದು ಬೇಡ, ಟ್ಯೂಬೇ ಸಾಕು.