ಜಿಯೋಕ್ಯಾಶ್ ಅಡಗಿಸ್ತೀರಾ? ಜಾಗ ಮಳೆಗಾಲದಲ್ಲಿ ನೋಡಿ ಮಾರಾಯ್ರೆ

ಯಾರೋ ಅಡಗಿಸಿಟ್ಟ ಡಬ್ಬಿಯನ್ನು, ಅಂದ್ರೆ ಜಿಯೋಕ್ಯಾಶನ್ನು, ಜಿಪಿಎಸ್ ಹಿಡ್ಕೊಂಡು ಹುಡುಕುವ ಈ ಆಟ ಶುರುವಾದದ್ದು 2000ದ ಮೇ ತಿಂಗಳಲ್ಲಿ, ಅಮೆರಿಕದ ಒರೆಗಾನ್‌ನಲ್ಲಿ. ಸಿಕ್ಕಿದವರು ಒಳಗಿನ ಲಾಗ್‌ಬುಕ್ಕಲ್ಲಿ ಹೆಸರು ಬರೆದು ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರ್ಬೇಕು, ಅಷ್ಟೇ. ತಲೆನೋವು ಇರೋದು ಅಡಗಿಸ್ಲಿಕ್ಕೆ ಜಾಗ ಆರಿಸೋದ್ರಲ್ಲಿ, ಅದೂ ಮಂಗಳೂರಲ್ಲಿ.

ಮೊದಲು ಜಿಯೋಕ್ಯಾಶಿಂಗ್ ಆ್ಯಪ್‌ನಲ್ಲಿ ಮ್ಯಾಪ್ ನೋಡಿ. ಬೇರೆಯವರ ಡಬ್ಬಿಯಿಂದ 161 ಮೀಟರ್ ಆದ್ರೂ ದೂರ ಬೇಕು, ಇಲ್ಲಾಂದ್ರೆ ಹೊಸ ಡಬ್ಬಿಗಳನ್ನು ಪರಿಶೀಲಿಸುವ ರಿವ್ಯೂವರ್ ಪಾಸ್ ಮಾಡೋದಿಲ್ಲ. ಬಜ್ಪೆ ಏರ್‌ಪೋರ್ಟ್, ಪಣಂಬೂರು ಬಂದರು, ರೈಲ್ವೆ ಹಳಿ, ಶಾಲೆ ಹತ್ರ ಬೇಡವೇ ಬೇಡ, ಯಾರಾದ್ರೂ ಹೆದರಿ ಪೊಲೀಸರಿಗೆ ಫೋನ್ ಮಾಡಿದ್ರೆ ಮತ್ತೆ ದೊಡ್ಡ ರಗಳೆ. ನಾಗಬನ, ದೈವಸ್ಥಾನ ಕೂಡ ಬಿಟ್ಟುಬಿಡಿ, ಮರ ಬಳ್ಳಿ ಎಲ್ಲ ನೋಡಿದ್ರೆ ಆಸೆ ಆಗ್ತದೆ ನಿಜ, ಆದ್ರೆ ಗುರುತಿಲ್ಲದವರು ಚಪ್ಪಲಿ ಹಾಕ್ಕೊಂಡು ಅಲ್ಲಿ ತಡಕಾಡಿದ್ರೆ ಊರವರು ಸುಮ್ಮನಿರ್ಲಿಕ್ಕಿಲ್ಲ, ಇರ್ಬಾರ್ದು ಕೂಡ. ಜಾಗ ಯಾರದ್ದೋ ಅವರ ಹತ್ರ ಬಾಯಿಬಿಟ್ಟು ಕೇಳಿ.

ಇನ್ನು ಮಳೆ. ವರ್ಷಕ್ಕೆ 3,500 ಮಿ.ಮೀ. ಮೇಲೆ ಸುರಿಯುವ ಊರು ಇದು. ಡಿಸೆಂಬರಲ್ಲಿ ಮುರಕಲ್ಲಿನ ಪಾಗಾರದ ಒಂದು ತೂತು ಡಬ್ಬಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕಾಣ್ತದೆ, ಅದೇ ತೂತಲ್ಲಿ ಆಟಿ ತಿಂಗಳಲ್ಲಿ ನೀರು ಜಿನುಗ್ತಾ ಇರ್ತದೆ, ಹೊರಗೆ ಪಾಚಿ, ಮೇಲಿಂದ ಜರಿಗಿಡ ಇಳಿಬಿದ್ದು ಕೈ ಹಾಕುವವನಿಗೆ ಒಳಗೆ ಹಾವು ಉಂಟಾ ಎಂತ ಅಂತ ಕಾಣೋದೂ ಇಲ್ಲ. ಜಾಗದವರ ಒಪ್ಪಿಗೆ ಇಲ್ಲದೆ ಅಗೆದು ಹೂಳ್ಲಿಕ್ಕೆ ರೂಲ್ಸಲ್ಲಿ ಇಲ್ಲ, ಮರಕ್ಕೆ ಮೊಳೆ ಹೊಡೀಲಿಕ್ಕೂ ಇಲ್ಲ. ಉಳ್ಳಾಲದ ಕಡೆ ಕಡಲು ಕೊರೆಯುವ ದಡವಂತೂ ನಂಬ್ಲಿಕ್ಕೇ ಆಗೋದಿಲ್ಲ. ನನ್ನ ಕೇಳಿದ್ರೆ ಜೋರು ಮಳೆ ನಿಂತ ಕೂಡ್ಲೇ ಕೊಡೆ ಹಿಡ್ಕೊಂಡು ಹೋಗಿ, ನೀರು ಯಾವ ಕಡೆ ಇಳೀತಾ ಉಂಟು ನೋಡಿ, ನೆಲದಿಂದ ಸ್ವಲ್ಪ ಮೇಲೆ, ಕಲ್ಲು ಅಡ್ಡ ಇರುವ ಒಣ ಮೂಲೆ ಸಿಕ್ಕಿದ್ರೆ ಅದೇ ಜಾಗ.

ಡಬ್ಬಿ ಒದ್ದೆ ಆಗಿದೆ ಅಂತ ಯಾರಾದ್ರೂ ಬರೆದ್ರೆ ಹೋಗ್ಬೇಕಾದ್ದು ನೀವೇ, ಹಾಗಾಗಿ ಮನೆಯಿಂದ ಸ್ಕೂಟರಲ್ಲಿ ಹೋಗಿ ಬರುವಷ್ಟು ದೂರ ಸಾಕು. ಸೇಂಟ್ ಮೇರೀಸ್ ದ್ವೀಪ ಚಂದವೇ, ಆದ್ರೆ ಮಳೆಗಾಲದಲ್ಲಿ ಮಲ್ಪೆಯಿಂದ ಬೋಟೇ ಇಲ್ಲ.

ಕೊನೆಗೆ ಡಬ್ಬಿ ಇಟ್ಟ ಜಾಗದ ಜಿಪಿಎಸ್ ರೀಡಿಂಗ್. ದಟ್ಟ ಮರದಡಿ ಜಿಪಿಎಸ್ ಆಚೆ ಈಚೆ ತೋರಿಸ್ತದೆ, ಬೇರೆ ಬೇರೆ ದಿನ ಹೋಗಿ ತಗೊಂಡು ಸರಾಸರಿ ಹಾಕಿ, ಮತ್ತೆ ಸಬ್ಮಿಟ್ ಮಾಡಿ.